ಕೈಗೆ ಒಪ್ಪುವ ಗುದ್ದಲಿ, ಕಾಲಿಗೆ ಒಪ್ಪುವ ಬೂಟು



ಹೋದ ಮಳೆಗಾಲದಲ್ಲಿ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದಾಗ ಒಬ್ಬ ಸದಸ್ಯೆ ಎಡಗೈಗೆ ದೊಡ್ಡದಾಗಿ ಬ್ಯಾಂಡೇಜ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಏನಾಯ್ತು ಅಂತ ಕೇಳಿದೆವು. ಹಸುವಿಗೆ ಹುಲ್ಲು ಕೊಯ್ಯುವಾಗ ಕುಡುಗೋಲು ಜಾರಿ ಎರಡು ಬೆರಳು ಮೂಳೆ ಕಾಣುವಷ್ಟು ಕತ್ತರಿಸಿತ್ತು. ಕುಡುಗೋಲು ಅತ್ತೆಯ ಕಾಲದ್ದು. ಹಿಡಿ ಸಡಿಲವಾಗಿತ್ತು ಅಂತ ಹಳೇ ಬಟ್ಟೆ ಸುತ್ತಿದ್ದರು, ಬಟ್ಟೆ ಮಳೆಗೆ ನೆನೆದಿತ್ತು, ಅಲಗು ಮೊಂಡಾಗಿತ್ತು. ರಕ್ತ ನಿಲ್ಲಲಿ ಅಂತ ಕಾಫಿ ಪುಡಿ ಒತ್ತಿ ಕಟ್ಟಿದರು. ಮೂರನೇ ದಿನ ಕೀವು ತುಂಬಿ ಜ್ವರ ಬಂದ ಮೇಲೆ ಆಸ್ಪತ್ರೆಗೆ ಹೋದರು. ಮೂರು ವಾರ ಕೂಲಿ ಇಲ್ಲ, ಸಾಲದ ಎರಡು ಕಂತು ಬಾಕಿ. ಸಂಘದವರೇ ತಲಾ ಇಷ್ಟು ಅಂತ ಹಾಕಿ ಕಟ್ಟಿದ್ದರು, ಅದು ಬೇರೆ ಮಾತು.

ಹೊಸ ಕುಡುಗೋಲಿಗೆ ಎಷ್ಟಾಗುತ್ತೆ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಒಂದು ದಿನದ ಕೂಲಿಗಿಂತ ಕಡಿಮೆ! ಎಲ್ಲರೂ ಸುಮ್ಮನಾದರು.

ನಮ್ಮ ಮನೆಗಳಲ್ಲಿ ಮಿಕ್ಸಿ ತರಬೇಕಾದರೆ ನಾಲ್ಕು ಅಂಗಡಿ ಸುತ್ತುತ್ತೇವೆ. ಸೀರೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತೇವೆ. ಆದರೆ ದಿನಕ್ಕೆ ಆರು ಗಂಟೆ ಕೈಯಲ್ಲಿ ಹಿಡಿಯುವ ಗುದ್ದಲಿಯನ್ನು ಆರಿಸುವವರು ಯಾರು? ಸಾಮಾನ್ಯವಾಗಿ ಮನೆಯ ಗಂಡಸರು ಸಂತೆಗೆ ಹೋದಾಗ ತರುತ್ತಾರೆ. ತಮ್ಮ ಕೈಗೆ ಸರಿ ಕಂಡದ್ದನ್ನು ತರುತ್ತಾರೆ, ಅವರ ತಪ್ಪಲ್ಲ. ಆದರೆ ಸಸಿ ನೆಡುವುದು, ಕಳೆ ತೆಗೆಯುವುದು, ಸೊಪ್ಪು ಕೊಯ್ಯುವುದು, ಕೈತೋಟಕ್ಕೆ ನೀರು ಹೊರುವುದು ಹೆಚ್ಚಾಗಿ ನಾವೇ. ಹೆಂಗಸರ ಅಂಗೈ ಅಗಲ, ಎತ್ತರ, ತೋಳಿನ ಬಲ ಗಂಡಸರದಕ್ಕಿಂತ ಸರಾಸರಿಯಲ್ಲಿ ಕಡಿಮೆ. ಇದು ಕೀಳರಿಮೆಯ ಮಾತಲ್ಲ, ಬರೀ ಅಳತೆಯ ಮಾತು. ಬೇರೆಯವರ ಅಳತೆಯ ಕುಪ್ಪಸವನ್ನು ನಾವು ಹಾಕಿಕೊಳ್ಳುತ್ತೇವೆಯೇ? ಕೃಷಿಯಲ್ಲಿ ದುಡಿಯುವ ಮಹಿಳೆಯರಿಗಾಗಿಯೇ ಒಡಿಶಾದ ಭುವನೇಶ್ವರದಲ್ಲಿ 1996ರಿಂದ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆ ಇದೆ. ಯಾವ ಉಪಕರಣ ಹೆಂಗಸರ ಮೈಗೆ ಹೊಂದುತ್ತೆ ಅನ್ನುವುದೂ ಅಲ್ಲಿಯ ಒಂದು ಕೆಲಸ. ಸರ್ಕಾರವೇ ಇದಕ್ಕೊಂದು ಸಂಸ್ಥೆ ಮಾಡಿರುವಾಗ ನಾವು ಅಂಗಡಿಗೆ ಹೋಗಿ ಹಿಡಿದು ನೋಡುವುದಕ್ಕೆ ನಾಚಿಕೆ ಯಾಕೆ?

ಗುದ್ದಲಿ, ಕುರ್ಪಿ, ಕುಡುಗೋಲು

ಗುದ್ದಲಿ ಕೊಳ್ಳುವಾಗ ಮೊದಲು ಕಾವು ಹಿಡಿದು ನೋಡಿ. ಮುಷ್ಟಿ ಬಿಗಿದಾಗ ಹೆಬ್ಬೆರಳ ತುದಿ ನಡುಬೆರಳ ತುದಿಗೆ ಮುಟ್ಟಬೇಕು, ಇಲ್ಲವೇ ಹತ್ತಿರ ಬರಬೇಕು. ದಪ್ಪ ಕಾವು ಹಿಡಿದರೆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ಬಿಗಿ ಹಿಡಿಯಲು ಹೋಗಿ ಮಣಿಕಟ್ಟು ನೋಯುತ್ತೆ. ತೀರಾ ಸಣ್ಣದಾದರೆ ಕೈಯೊಳಗೆ ತಿರುಗುತ್ತೆ. ಇನ್ನು ಉದ್ದ. ನಮ್ಮ ಕಡೆಯ ಗುದ್ದಲಿಗಳ ಕಾವು ಗಿಡ್ಡ, ಅದರಿಂದ ಇಡೀ ದಿನ ನಡು ಬಗ್ಗಿಸಿಯೇ ಕೆಲಸ. ಅಗೆಯುವುದಕ್ಕೆ ಗಿಡ್ಡ ಕಾವೇ ಬೇಕು ಅನ್ನುವವರಿದ್ದಾರೆ, ಗಟ್ಟಿ ನೆಲಕ್ಕೆ ಅದು ನಿಜವೂ ಹೌದು. ಆದರೆ ಸಾಲಿನ ಮಧ್ಯೆ ಮೇಲುಮೇಲಿನ ಕಳೆ ಕೆರೆಯಲು, ಮಣ್ಣು ಏರಿಸಲು ಎದೆಮಟ್ಟದ ಉದ್ದ ಕಾವಿನ ಹಗುರ ಗುದ್ದಲಿ ಇದ್ದರೆ ನಿಂತುಕೊಂಡೇ ಕೆಲಸ ಮಾಡಬಹುದು. ಸೊಂಟನೋವಿಗೆ ಮುಲಾಮು ಹಚ್ಚಿ ಹಚ್ಚಿ ಸಾಕಾಗಿರುವ ಅಕ್ಕಂದಿರು ಒಮ್ಮೆ ಪ್ರಯತ್ನಿಸಿ. ಹೊಸ ಗುದ್ದಲಿಯೇ ಬೇಕಿಲ್ಲ, ಹಳೆಯದಕ್ಕೆ ಉದ್ದ ಕಾವು ಹಾಕಿಸಿದರೂ ಆಗುತ್ತೆ. ಒಂದೇ ಮಾತು, ಉದ್ದ ಕಾವಿಗೆ ತಲೆ ಹಗುರವಿರಬೇಕು. ಭಾರದ ತಲೆಗೆ ಉದ್ದ ಕಾವು ಹಾಕಿದರೆ ಭುಜ ಹೋಗುತ್ತೆ.

ಕಾವಿಗೆ ಜಾಲಿ ಒಳ್ಳೆಯದು. ಗಂಟು ಇರದ, ಎಳೆ ಉದ್ದಕ್ಕೆ ನೇರವಾಗಿ ಹೋಗಿರುವ ಕಟ್ಟಿಗೆ ನೋಡಿ. ಬಣ್ಣ ಬಳಿದ ಕಾವು ಕೊಳ್ಳಬೇಡಿ, ಬಣ್ಣದ ಕೆಳಗೆ ಬಿರುಕು ಇದ್ದರೆ ಗೊತ್ತಾಗಲ್ಲ. ಕಣ್ಣಿನೊಳಗೆ ಕಾವು ಬಿಗಿಯಾಗಿ ಕೂತಿದೆಯಾ, ಬೆಣೆ ಹೊಡೆದಿದ್ದಾರಾ ನೋಡಿ. ಸಡಿಲವಾದ ಗುದ್ದಲಿಯನ್ನು ರಾತ್ರಿ ನೀರಿನ ತೊಟ್ಟಿಯಲ್ಲಿ ಅದ್ದಿ ಇಡುವುದು ನಮ್ಮೆಲ್ಲರಿಗೂ ಗೊತ್ತಿರುವ ಉಪಾಯ. ಮರ ಉಬ್ಬಿ ಬಿಗಿಯಾಗುತ್ತೆ ನಿಜ, ಆದರೆ ಮಧ್ಯಾಹ್ನದ ಬಿಸಿಲಿಗೆ ಒಣಗಿದ ಕೂಡಲೇ ಮತ್ತೆ ಸಡಿಲ. ಎತ್ತಿ ಹೊಡೆಯುವಾಗ ತಲೆ ಕಳಚಿ ಹಾರಿದರೆ ಹಿಂದೆ ನಿಂತವರ ಗತಿ? ಬೆಣೆ ಹೊಡೆಸಿ. ಐದು ನಿಮಿಷದ ಕೆಲಸ.

ಅಂಗಡಿಯ ಗುದ್ದಲಿಯೋ ಕುಲುಮೆಯದ್ದೋ ಅಂತ ಅನೇಕರು ಕೇಳುತ್ತಾರೆ. ಊರಿನಲ್ಲಿ ಕಮ್ಮಾರರು ಇನ್ನೂ ಇದ್ದರೆ ಅವರ ಹತ್ತಿರವೇ ಮಾಡಿಸಿ ಅಂತ ನಮ್ಮ ಅಭಿಪ್ರಾಯ. ಲಾರಿಯ ಹಳೇ ಪಟ್ಟಿ ಬಡಿದು ಮಾಡಿದ ಕುಡುಗೋಲು, ಮಚ್ಚು ಬೇಗ ಮೊಂಡಾಗುವುದಿಲ್ಲ. ಇನ್ನೂ ಮುಖ್ಯವಾದದ್ದು, ನೀವೇ ಹೋಗಿ ನಿಂತರೆ ನಿಮ್ಮ ಕೈಗೆ ತಕ್ಕ ಹಾಗೆ ಮಾಡಿಕೊಡುತ್ತಾರೆ. ಕೆಟ್ಟರೆ ಅವರಲ್ಲಿಗೇ ಹೋಗಬಹುದು. ಅಂಗಡಿಯ ತೆಳು ತಗಡಿನದ್ದು ಕಲ್ಲಿಗೆ ತಾಗಿದರೆ ಮಡಚಿಕೊಳ್ಳುತ್ತೆ. ಕೊಳ್ಳುವಾಗ ಬೆರಳಿನಿಂದ ತಟ್ಟಿ, ಸಣ್ಣ ಕಲ್ಲಿನಿಂದ ಬಡಿದು ನೋಡಿ. ಒಳ್ಳೆಯ ಉಕ್ಕು ಠಣ್ ಅನ್ನುತ್ತೆ, ಬಿರುಕಿದ್ದರೆ ಸದ್ದು ಒಡಕಲಾಗಿರುತ್ತೆ. ಮಡಕೆ ಕೊಳ್ಳುವಾಗ ಮಾಡ್ತೀವಲ್ಲ, ಹಾಗೇ.

ಕುರ್ಪಿ, ಕೆಲವು ಕಡೆ ಕುರ್ಚಿಗಿ ಅನ್ನುತ್ತಾರೆ, ಕೈತೋಟಕ್ಕೆ ಇದೇ ರಾಜ. ಹಿಡಿ ಮರದ್ದಿರಲಿ, ನುಣುಪಾಗಿರಲಿ. ಬರೀ ಕಬ್ಬಿಣದ ಹಿಡಿ ಅಂಗೈಯಲ್ಲಿ ಬೊಕ್ಕೆ ಎಬ್ಬಿಸುತ್ತೆ. ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂರುವುದರಿಂದ ಮಂಡಿ ಸವೆಯುತ್ತೆ. ಒಂದು ಗಿಡ್ಡ ಮಣೆ ತೆಗೆದುಕೊಂಡು ಹೋಗಿ ಕೂತು ಕಳೆ ತೆಗೆಯಿರಿ. ಯಾರಾದರೂ ನಕ್ಕರೆ ನಗಲಿ ಬಿಡಿ.

ಕುಡುಗೋಲಿನಲ್ಲಿ ಎರಡು ಬಗೆ. ನುಣ್ಣನೆ ಅಲಗಿನದ್ದನ್ನು ಮಸೆಗಲ್ಲಿನಲ್ಲಿ ಮನೆಯಲ್ಲೇ ಮಸೆಯಬಹುದು. ಹಲ್ಲು ಇರುವ ಕುಡುಗೋಲು ರಾಗಿ, ಭತ್ತ, ಹುಲ್ಲಿಗೆ ಒಳ್ಳೆಯದು, ಕಾಂಡ ಜಾರುವುದಿಲ್ಲ, ಮೊಂಡಾಗುವುದು ನಿಧಾನ. ಆದರೆ ಮಸೆಗಲ್ಲಿಗೆ ಹಚ್ಚಿದರೆ ಹಲ್ಲು ಹೋಗುತ್ತೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಮಾಡಿರುವ 'ನವೀನ್' ಕುಡುಗೋಲು ಇದೇ ಜಾತಿಯದ್ದು, ಹಗುರವಾಗಿದೆ. ಯಾವುದೇ ಇರಲಿ, ಒಂದು ವಿಷಯ ಮರೆಯಬೇಡಿ: ಗಾಯ ಮಾಡುವುದು ಚೂಪು ಕುಡುಗೋಲಿಗಿಂತ ಮೊಂಡು ಕುಡುಗೋಲೇ ಹೆಚ್ಚು. ಮೊಂಡಾದಾಗ ಜೋರು ಹಾಕಿ ಎಳೆಯುತ್ತೇವೆ, ಜೋರು ಹಾಕಿದಾಗ ಜಾರುತ್ತೆ. ಜಾರಿದರೆ ಹುಲ್ಲು ಹಿಡಿದ ಎಡಗೈ ಅಲ್ಲೇ ಇರುತ್ತೆ.

ನೀರು ಹಾಕುವ ಕ್ಯಾನು ಹತ್ತು ಲೀಟರಿನದ್ದು ಬೇಡ. ಒಂದು ಲೀಟರ್ ನೀರು ಒಂದು ಕಿಲೋ. ಒಂದೇ ಕೈಯಲ್ಲಿ ಹತ್ತು ಕಿಲೋ ಹೊತ್ತು ವಾಲಿಕೊಂಡು ನಡೆಯುವುದಕ್ಕಿಂತ ಐದೈದು ಲೀಟರಿನ ಎರಡು ಕ್ಯಾನು ಎರಡು ಕೈಯಲ್ಲಿ ಹಿಡಿದರೆ ಬೆನ್ನು ನೇರವಾಗಿರುತ್ತೆ. ಗಿಡ ಸವರುವ ಕತ್ತರಿ ಕೊಳ್ಳುವುದಾದರೆ ಎರಡು ಅಲಗು ಒಂದರ ಪಕ್ಕ ಒಂದು ಹಾದುಹೋಗುವಂಥದ್ದು ಹಸಿ ಕೊಂಬೆಗೆ ಒಳ್ಳೆಯದು. ಮುಚ್ಚುವ ಕೊಂಡಿ ಗಟ್ಟಿ ಇದೆಯಾ ನೋಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಮೈಗೆ ರಕ್ಷಣೆ

ಇಲ್ಲಿ ನಮ್ಮ ಅನುಭವದ ಒಂದು ಕಥೆ ಹೇಳಬೇಕು. ಹಿಂದೊಮ್ಮೆ ನಾವೇ ಕೆಲವು ಸಂಘಗಳಿಗೆ ಒಟ್ಟಿಗೆ ಕೈಗವಸು ತರಿಸಿ ಹಂಚಿದೆವು. ಸಗಟಿನಲ್ಲಿ ಅಗ್ಗವಾಗಿ ಸಿಕ್ಕಿತು ಅಂತ ಖುಷಿಯಾಗಿತ್ತು. ಆರು ತಿಂಗಳ ನಂತರ ಹೋಗಿ ನೋಡಿದರೆ ಒಬ್ಬರೂ ಹಾಕಿರಲಿಲ್ಲ, ಅಟ್ಟದ ಮೇಲೆ ಬಿದ್ದಿದ್ದವು. ಎಲ್ಲವೂ ದೊಡ್ಡ ಗಂಡಸರ ಅಳತೆ! ಬೆರಳ ತುದಿಯಲ್ಲಿ ಒಂದಿಂಚು ಖಾಲಿ ಇದ್ದರೆ ಸಸಿ ಹಿಡಿಯುವುದು ಹೇಗೆ? ತಪ್ಪು ನಮ್ಮದೇ. ಹಾಕಿಕೊಳ್ಳದ ಕೈಗವಸು ಎಷ್ಟು ಒಳ್ಳೆಯದಾದರೂ ಲೆಕ್ಕಕ್ಕಿಲ್ಲ. ಈಗ ನಾವು ಮೊದಲು ಅಳತೆ ತೆಗೆದುಕೊಳ್ಳುತ್ತೇವೆ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ದರ್ಜಿ ಟೇಪು ಹಿಡಿದು ಬರೆದಿಡುವುದು, ಅಷ್ಟೇ.

ಎಲ್ಲ ಕೆಲಸಕ್ಕೂ ಒಂದೇ ಕೈಗವಸು ಆಗುವುದಿಲ್ಲ. ಮಣ್ಣಿನ ಕೆಲಸಕ್ಕೆ, ಕಳೆಗೆ ಅಂಗೈ ಭಾಗ ರಬ್ಬರಿನಲ್ಲಿ ಅದ್ದಿದ ನೂಲಿನ ಕೈಗವಸು ಚೆನ್ನ, ಹಿಂಭಾಗದಿಂದ ಗಾಳಿ ಆಡುತ್ತೆ. ಮುಳ್ಳಿಗೆ ದಪ್ಪ ಚರ್ಮದ್ದು. ಕೀಟನಾಶಕಕ್ಕೆ ಇವೆರಡೂ ಬೇಡವೇ ಬೇಡ. ನೂಲು, ಚರ್ಮ ಎರಡೂ ಔಷಧಿ ಹೀರಿಕೊಂಡು ಕೈಗೆ ಅಂಟಿಸಿಕೊಂಡೇ ಇರುತ್ತವೆ, ಬರಿಗೈಗಿಂತ ಕೆಟ್ಟದ್ದು. ಅದಕ್ಕೆ ನೈಟ್ರೈಲ್ ಅನ್ನುವ, ಒಳಗೆ ಬಟ್ಟೆ ಇಲ್ಲದ, ಮೊಣಕೈ ಹತ್ತಿರ ಬರುವ ಉದ್ದ ಕೈಗವಸೇ ಬೇಕು.

ನಮ್ಮ ಕಡೆ ಕೈಗವಸು ಯಾಕೆ ಅಷ್ಟು ಮುಖ್ಯ ಅಂದರೆ ಪಾರ್ಥೇನಿಯಂ. ಕಾಂಗ್ರೆಸ್ ಗಿಡ ಅನ್ನುತ್ತೇವಲ್ಲ, ಅದೇ. ಬರಿಗೈಯಲ್ಲಿ ಕಿತ್ತು ಕಿತ್ತು ಕೆಲವರಿಗೆ ಮೈಯೆಲ್ಲ ತುರಿಕೆ, ಕತ್ತು, ಮುಖ, ಮೊಣಕೈ ಒಳಭಾಗ ಕಪ್ಪಾಗಿ ದಪ್ಪವಾಗುತ್ತೆ. ಪರಾಗದಿಂದ ಕೆಲವರಿಗೆ ಉಬ್ಬಸವೂ ಬರುತ್ತೆ. ಒಮ್ಮೆ ಈ ಅಲರ್ಜಿ ಶುರುವಾದರೆ ಮತ್ತೆ ಮತ್ತೆ ಬರುತ್ತಲೇ ಇರುತ್ತೆ. 'ನನಗೆ ಇಷ್ಟು ವರ್ಷ ಏನೂ ಆಗಿಲ್ಲ' ಅನ್ನಬೇಡಿ, ವರ್ಷಗಟ್ಟಲೆ ಕಿತ್ತ ಮೇಲೆಯೇ ಅನೇಕರಿಗೆ ಕಾಣಿಸಿಕೊಳ್ಳುವುದು. ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿ, ಮೂಗು ಬಾಯಿ ಮುಚ್ಚಿಕೊಂಡು ಬೇರು ಸಮೇತ ಕೀಳಿ. ಮನೆಗೆ ಬಂದು ಸೋಪು ಹಚ್ಚಿ ಕೈ, ಮುಖ ತೊಳೆಯಿರಿ.

ಬಳೆಯ ಮಾತು. ಗಾಜಿನ ಬಳೆ ಒಡೆದು ಮಣಿಕಟ್ಟು ಕೊಯ್ದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಬಳೆ ತೆಗೆಯಿರಿ ಅಂದರೆ ಯಾರಿಗೂ ಇಷ್ಟವಾಗಲ್ಲ, ನಮಗೂ ಗೊತ್ತು. ಕೆಲಸದ ಹೊತ್ತಿಗೆ ಬಳೆ ಮೇಲಕ್ಕೆ ಸರಿಸಿ, ಅದರ ಮೇಲೆ ತುಂಬುತೋಳಿನ ಅಂಗಿ ಹಾಕಿ, ತೋಳಿನ ಗುಂಡಿ ಹಾಕಿಕೊಳ್ಳಿ. ಸೀರೆ, ನೈಟಿ ಮೇಲೆ ಮನೆಯವರ ಹಳೇ ಶರ್ಟು ಹಾಕಿಕೊಳ್ಳುವ ನಮ್ಮ ಪದ್ಧತಿ ಬಹಳ ಒಳ್ಳೆಯದು, ಬಿಸಿಲಿಗೂ ಮುಳ್ಳಿಗೂ ಆಯಿತು. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಮೇವು ಕತ್ತರಿಸುವ ಯಂತ್ರದ ಹತ್ತಿರವಂತೂ ಸೆರಗು, ದುಪಟ್ಟಾ, ಬಿಚ್ಚು ಜಡೆ ಇರಲೇಬಾರದು. ಪೆಟ್ರೋಲಿನ ಕಳೆ ಕೊಚ್ಚುವ ಯಂತ್ರ ಓಡುತ್ತಿದ್ದರೆ ಕಲ್ಲು ಗುಂಡಿನ ಹಾಗೆ ಸಿಡಿಯುತ್ತೆ. ಓಡಿಸುವವರಿಗೆ ಕಣ್ಣಿನ ಕನ್ನಡಕ ಬೇಕು, ಉಳಿದವರು 15 ಮೀಟರ್ ದೂರ.

ಈಗ ಕಾಲು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ. ಹಾವು ಕಡಿಯುವುದು ಹೆಚ್ಚಾಗಿ ಪಾದಕ್ಕೆ, ಕಣಕಾಲಿಗೆ. ಹುಲ್ಲಿನಲ್ಲಿ, ತರಗಿನಲ್ಲಿ ಮಲಗಿರುವ ಕೊಳಕುಮಂಡಲವನ್ನು ಬರಿಗಾಲಲ್ಲಿ ತುಳಿದರೆ ಕಡಿಯದೆ ಬಿಡುತ್ತಾ? ಮೊಣಕಾಲ ಕೆಳಗಿನವರೆಗೆ ಬರುವ ಗಮ್ ಬೂಟು ಹಾಕಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತೆ. ಕಾಲಿನಲ್ಲಿ ಗಾಯ, ಒಡಕು ಇದ್ದವರು ಗದ್ದೆಯ ಕೆಸರಿಗೆ ಇಳಿದರೆ ಇಲಿಜ್ವರ ಬರಬಹುದು, ಅದಕ್ಕೂ ಇದೇ ಬೂಟು. ಹೆಂಗಸರ ಅಳತೆ ಸಿಗಲ್ಲ ಅಂತ ಅಂಗಡಿಯವರು ಹೇಳಿದರೆ ತರಿಸಿಕೊಡಿ ಅನ್ನಿ. ಹತ್ತು ಜೊತೆ ಒಟ್ಟಿಗೆ ಕೇಳಿದರೆ ತರಿಸುತ್ತಾರೆ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹಾಕುವ ಮೊದಲು ಪ್ರತಿಸಲ ತಲೆಕೆಳಗು ಮಾಡಿ ಕೊಡವಿ, ಚೇಳು ಸೇರಿಕೊಂಡಿರುತ್ತೆ. ಕೆಲಸ ಮುಗಿದ ಮೇಲೆ ತೊಳೆದು ನೆರಳಿನಲ್ಲಿ ಬೋರಲು ಹಾಕಿ. ಬೂಟು ಸೆಕೆ, ಅದು ನಿಜ. ಅದಕ್ಕೇ ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹುಲ್ಲಿಗೆ ಹೋಗುವಾಗಲಾದರೂ ತಪ್ಪಿಸಬೇಡಿ. ಮಬ್ಬುಗತ್ತಲಿದ್ದರೆ ಟಾರ್ಚು ಇರಲಿ.

ಔಷಧಿ ಹೊಡೆಯುವ ಮಾತು

'ನಾವು ಔಷಧಿ ಹೊಡೆಯಲ್ಲ, ಗಂಡಸರು ಹೊಡೆಯುತ್ತಾರೆ' ಅಂತ ಸಭೆಗಳಲ್ಲಿ ಹೇಳುತ್ತೀರಿ. ಸರಿ, ಆದರೆ ಡ್ರಮ್ಮಿಗೆ ನೀರು ತುಂಬಿ ಔಷಧಿ ಬೆರೆಸುವುದು ಯಾರು? ಕೋಲು ಸಿಗದೆ ಕೈಯಲ್ಲೇ ಕಲಕಿದ್ದು ಯಾರು? ಸಂಜೆ ಆ ಬಟ್ಟೆ ಒಗೆಯುವುದು ಯಾರು? ನೀರು ಬೆರೆಸದ ಗಟ್ಟಿ ಔಷಧಿ ಮುಟ್ಟುವ ಗಳಿಗೆಯೇ ಅತಿ ಅಪಾಯದ ಗಳಿಗೆ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೆದು 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ನಮ್ಮಲ್ಲೇ ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನ ಊರುಗಳು ಎಂಡೋಸಲ್ಫಾನ್‌ನಿಂದ ಪಟ್ಟ ಪಾಡು ನಿಮಗೆ ಗೊತ್ತಿದೆ. ಅದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತು.

ಡಬ್ಬಿಯ ಮೇಲೆ ಒಂದು ತ್ರಿಕೋನದ ಬಣ್ಣ ಇರುತ್ತೆ. ಓದು ಬರಹ ಬಾರದವರೂ ಗುರುತಿಸಬಹುದು. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷವೇ ಅಲ್ಲ ಅಂತಲ್ಲ. ಮನೆ ಕೈತೋಟಕ್ಕೆ ಕೆಂಪು, ಹಳದಿ ತರಲೇಬೇಡಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಹೊತ್ತು ಹೊಡೆಯಿರಿ. ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ ಮಾಡುವವರಿಗೆ ಒಂದು ಮಾತು: ಮನೆಮದ್ದು ಅಂತ ಕನ್ನಡಕ ಇಲ್ಲದೆ ಹೊಡೆದು ಕಣ್ಣಿಗೆ ಹಾರಿಸಿಕೊಂಡು ಒದ್ದಾಡಿದವರನ್ನು ನೋಡಿದ್ದೇವೆ.

ಹೊಲಕ್ಕೆ ಹೊಡೆಯಲೇಬೇಕಾದರೆ ಮೂಗಿಗೆ ಕಟ್ಟುವ ಟವೆಲು ಸಾಲದು, ಒದ್ದೆಯಾದ ಟವೆಲು ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತೆ. ಕೊರೊನಾ ಕಾಲದ ಎನ್‌-95 ಮಾಸ್ಕು ಧೂಳು ತಡೆಯುತ್ತೆ, ಔಷಧಿಯ ಆವಿಯನ್ನು ತಡೆಯಲ್ಲ. ಅದಕ್ಕೆ ಡಬ್ಬಿಯಂಥ ಫಿಲ್ಟರ್ ಇರುವ ಮಾಸ್ಕು ಬೇರೆಯೇ ಇದೆ. ಪ್ಯಾಂಟು ಬೂಟಿನ ಹೊರಗೆ ಇರಬೇಕು, ಒಳಗೆ ಸಿಕ್ಕಿಸಿದರೆ ಔಷಧಿ ಇಳಿದು ಬೂಟಿನಲ್ಲಿ ತುಂಬುತ್ತೆ. ನಳಿಗೆ ಕಟ್ಟಿಕೊಂಡರೆ ಬಾಯಿಂದ ಊದಬಾರದು. ಗಾಳಿ ಬೆನ್ನಿಗಿರಲಿ. ಬಸುರಿಯರು, ಹಾಲೂಡಿಸುವ ತಾಯಂದಿರು ಬೆರೆಸುವುದಕ್ಕೂ ಹೋಗಬಾರದು, ಆ ಬಟ್ಟೆ ಒಗೆಯುವುದಕ್ಕೂ ಹೋಗಬಾರದು. ಆ ಬಟ್ಟೆಯನ್ನು ಕೈಗವಸು ಹಾಕಿಕೊಂಡು, ಮಕ್ಕಳ ಬಟ್ಟೆ ಜೊತೆ ಸೇರಿಸದೆ, ಬೇರೆ ಬಕೆಟ್ಟಿನಲ್ಲಿ ಅದೇ ದಿನ ಒಗೆಯಿರಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ಸೀಮೆಎಣ್ಣೆ ಏನೂ ಹಾಕಬೇಡಿ, ತೂತು ಮಾಡಿಬಿಡಿ.

ಅವಘಡವಾದರೆ

ಕೊಯ್ದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ, ಸಗಣಿ, ಸುಣ್ಣ ಏನೂ ಬೇಡ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದು ಬೇಕಾ ಅಂತ ಕೇಳಿ. ಹಾವು ಕಡಿದರೆ ಬಿಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ನಾಟಿ ಮಂತ್ರದವರ ಹತ್ತಿರ ಹೊತ್ತು ಕಳೆಯಬೇಡಿ. ಕಾಲುಂಗುರ, ಗೆಜ್ಜೆ, ಬಳೆ ತೆಗೆಸಿ, ನಡೆಸದೆ ಮಲಗಿಸಿಕೊಂಡು, 108 ಕರೆದು ವಿಷನಿರೋಧಕ ಮದ್ದು ಇರುವ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕಾಗಿದೆ. ಔಷಧಿ ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ ಹಾಕಿ ಬೇಕಾದಷ್ಟು ನೀರಿನಲ್ಲಿ ತೊಳೆಯಿರಿ, ಆಸ್ಪತ್ರೆಗೆ ಹೋಗುವಾಗ ಡಬ್ಬಿ ಇಲ್ಲವೇ ಅದರ ಚೀಟಿ ತೆಗೆದುಕೊಂಡು ಹೋಗಿ.

ಸಂಘ ಏನು ಮಾಡಬಹುದು?

ದಿನವೂ ಬೇಕಾದ ಕುರ್ಪಿ, ಕುಡುಗೋಲು, ಕೈಗವಸು, ಬೂಟು ಪ್ರತಿಯೊಬ್ಬರಿಗೂ ಸ್ವಂತದ್ದೇ ಇರಬೇಕು. ಬೂಟು, ಕೈಗವಸು ಹಂಚಿಕೊಂಡರೆ ಚರ್ಮದ ಕಾಯಿಲೆಯೂ ಹಂಚಿಕೆಯಾಗುತ್ತೆ. ಯಾವಾಗಲೋ ಒಮ್ಮೆ ಬೇಕಾಗುವ ಸವರುವ ಕತ್ತರಿ, ಉದ್ದ ಕಾವಿನ ಗುದ್ದಲಿ, ಹಾರೆ, ಮಸೆಗಲ್ಲು ಸಂಘದ ಹೆಸರಿನಲ್ಲಿ ಕೊಂಡು ಒಬ್ಬರ ಮನೆಯಲ್ಲಿಟ್ಟು ಪುಸ್ತಕ ಬರೆಯಬಹುದು. ತೆಗೆದುಕೊಂಡವರು ಮಣ್ಣು ತೊಳೆದು ಒರೆಸಿ ಎಣ್ಣೆ ಕೈ ಆಡಿಸಿ ಹಿಂದಿರುಗಿಸಬೇಕು ಅಂತ ನಿಯಮ ಇರಲಿ. ಆಂತರಿಕ ಸಾಲವನ್ನು ಇದಕ್ಕೆ ಕೊಡುವುದು ತಪ್ಪಲ್ಲ, ಮೂರು ನಾಲ್ಕು ಕಂತಿನಲ್ಲಿ ತೀರುತ್ತೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಉಪಕರಣ ಇದೆಯಾ ವಿಚಾರಿಸಿ. ಪಹಣಿ ಕೇಳುತ್ತಾರೆ, ಅದು ಹೆಚ್ಚಿನ ಮನೆಗಳಲ್ಲಿ ನಮ್ಮ ಹೆಸರಿನಲ್ಲಿ ಇರುವುದಿಲ್ಲ. ಹಾಗಾಗಿ ಅರ್ಜಿ ಮನೆಯವರ ಹೆಸರಿನಲ್ಲಿ ಹೋದರೂ, ಉಪಕರಣ ಆರಿಸುವ ದಿನ ನೀವೂ ಜೊತೆಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ.

ಬೆರಳು ಕೊಯ್ದುಕೊಂಡ ಆ ಸದಸ್ಯೆಯ ಸಂಘದವರು ಮುಂದಿನ ಸಭೆಗೆ ಎಲ್ಲರೂ ತಮ್ಮ ಮನೆಯ ಕುಡುಗೋಲು ತಂದಿದ್ದರು. ಹದಿನಾರರಲ್ಲಿ ಒಂಬತ್ತರ ಹಿಡಿ ಅಲ್ಲಾಡುತ್ತಿತ್ತು. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಇಬ್ಬರು ಮರುದಿನವೇ ಕುಲುಮೆಗೆ ಹೋದರು. ನಿಮ್ಮ ಸಂಘದ ಮುಂದಿನ ಸಭೆಗೂ ಪುಸ್ತಕ, ಉಳಿತಾಯದ ಹಣದ ಜೊತೆಗೆ ಕುಡುಗೋಲು, ಗುದ್ದಲಿ ತನ್ನಿ. ದಾರಿಯಲ್ಲಿ ಬರುವಾಗ ಅಲಗಿಗೆ ಗೋಣಿಚೀಲ ಸುತ್ತಿರಿ.